ಒಂದೇ ಗಂಟೆಗೆ ಎಷ್ಟು ಯೋಜನೆಗಳ ಒಡೆತನ?

ಹುಬ್ಬಳ್ಳಿಯ ಕೇಶ್ವಾಪುರ, ಬೆಂಗೇರಿಗಳ ಆಸುಪಾಸಿನಲ್ಲಿರುವ ಗೋಪನಕೊಪ್ಪ ಹೆಸರಿನಲ್ಲಿ ಇನ್ನೂ ಹಳ್ಳಿಯೇ. ಆಡಳಿತದ ಕಡತಗಳಲ್ಲಿ ಮಾತ್ರ ಅದು ಮಹಾನಗರದ ಒಂದು ಭಾಗ. 1962ರಲ್ಲಿ ಹುಬ್ಬಳ್ಳಿ ಮತ್ತು ಧಾರವಾಡಗಳನ್ನು ಒಂದುಗೂಡಿಸಿ ಮಹಾನಗರ ಪಾಲಿಕೆ ರಚಿಸಿದ ಮೇಲೆ ಇಂತಹ ಅನೇಕ ಕೊಪ್ಪಗಳು, ಊರುಗಳು ನಗರದೊಳಗೆ ಕರಗಿಹೋದವು. ಇಂತಹ ಬಡಾವಣೆಯ ಯಾವುದಾದರೂ ಓಣಿಯಲ್ಲಿ ಒಂದು ತಿಂಗಳು ಮನೆಯ ಕಟ್ಟೆಯ ಮೇಲೆ ಕುಳಿತು, ಸರ್ಕಾರದ ಹೆಸರಿನಲ್ಲಿ ಬಾಗಿಲು ತಟ್ಟುವವರನ್ನು ಎಣಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಗರ್ಭಿಣಿಯರ ಪಟ್ಟಿ ಹಿಡಿದು ಬರುವ ಆಶಾ ಕಾರ್ಯಕರ್ತೆ, ಮಗುವಿನ ತೂಕ ಬರೆದುಕೊಳ್ಳಲು ಬರುವ ಅಂಗನವಾಡಿ ಕಾರ್ಯಕರ್ತೆ, ಮತದಾರರ ಪಟ್ಟಿ ಪರಿಷ್ಕರಿಸಲು ಬರುವ ಮತಗಟ್ಟೆ ಅಧಿಕಾರಿ, ಸಮೀಕ್ಷೆಯ ಪ್ರಶ್ನೆಗಳನ್ನು ಕೇಳಲು ಬರುವ ಶಾಲಾ ಶಿಕ್ಷಕಿ, ಮೀಟರ್ ಓದಲು ಬರುವ ವಿದ್ಯುತ್ ಕಂಪನಿಯ ನೌಕರ, ನೀರು ಬಿಡಲು ಬರುವ ವಾಲ್ವ್‌ಮನ್ ಹೀಗೆ ಪಟ್ಟಿ ಬೆಳೆಯುತ್ತದೆ. ಯೋಜನೆಗಳು ಹಲವು, ಬರುವ ಮುಖಗಳು ಮಾತ್ರ ಕೆಲವೇ. ಅನೇಕ ವೇಳೆ ಮೊನ್ನೆ ಮಗುವಿನ ತೂಕ ನೋಡಿದ ಕಾರ್ಯಕರ್ತೆಯೇ ಇಂದು ಮತಗಟ್ಟೆ ಅಧಿಕಾರಿಯಾಗಿ ಅದೇ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಕೈಯಲ್ಲಿರುವ ವಹಿ ಬದಲಾಗಿದೆ, ವ್ಯಕ್ತಿ ಬದಲಾಗಿಲ್ಲ.

ಇಲ್ಲಿ ಒಂದು ಸರಳ ಪ್ರಶ್ನೆ ಏಳುತ್ತದೆ. ಆಕೆಯ ಆ ಒಂದು ಗಂಟೆ ಯಾರದು? ಪೌಷ್ಟಿಕ ಆಹಾರ ಯೋಜನೆಯದೇ, ಚುನಾವಣಾ ಆಯೋಗದ್ದೇ, ಸಮೀಕ್ಷೆಯದೇ? ಆಶ್ಚರ್ಯವೆಂದರೆ ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಕಚೇರಿ ಯಾವುದೂ ಇಲ್ಲ. ಪ್ರತಿಯೊಂದು ಯೋಜನೆಗೂ ಹಣದ ಆಯವ್ಯಯ ಉಂಟು. ರೂಪಾಯಿಯ ಲೆಕ್ಕವನ್ನು ಮಹಾಲೇಖಪಾಲರು ಪರಿಶೋಧಿಸುತ್ತಾರೆ. ಆದರೆ ಆ ಯೋಜನೆ ನುಂಗುವ ಮನುಷ್ಯರ ಗಂಟೆಗಳಿಗೆ ಆಯವ್ಯಯವೂ ಇಲ್ಲ, ಪರಿಶೋಧನೆಯೂ ಇಲ್ಲ. ಒಂದೇ ನಿವೇಶನವನ್ನು ನಾಲ್ವರಿಗೆ ನೋಂದಣಿ ಮಾಡಿಕೊಟ್ಟರೆ ನಾವು ಅದನ್ನು ವಂಚನೆ ಎನ್ನುತ್ತೇವೆ. ಒಬ್ಬಳೇ ಕಾರ್ಯಕರ್ತೆಯ ಒಂದೇ ಗಂಟೆಯನ್ನು ನಾಲ್ಕು ಇಲಾಖೆಗಳು ತಮ್ಮದೆಂದು ಬರೆದುಕೊಂಡರೆ ಅದನ್ನು ಆಡಳಿತ ಎನ್ನುತ್ತೇವೆ.

ಆಶಾ ಕಾರ್ಯಕರ್ತೆಯರ ವಿಷಯವನ್ನೇ ತೆಗೆದುಕೊಳ್ಳೋಣ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ ಈ ಹುದ್ದೆಯನ್ನು ಕಲ್ಪಿಸಿದವರು ಅವಳ ಸಮಯದ ಬಗ್ಗೆಯೂ ಯೋಚಿಸಿದ್ದರು ಎಂಬುದನ್ನು ಮೆಚ್ಚಲೇಬೇಕು. ವಾರದಲ್ಲಿ ಸುಮಾರು ನಾಲ್ಕು ದಿನ, ದಿನಕ್ಕೆ ಎರಡು ಮೂರು ಗಂಟೆ ದುಡಿಮೆ ಎಂಬುದು ಅಂದಿನ ಮಾರ್ಗಸೂಚಿಯ ಆಶಯವಾಗಿತ್ತು. ಅವಳು ನೌಕರಳಲ್ಲ, ಸ್ವಯಂಸೇವಕಿ ಎಂಬ ವಾದಕ್ಕೆ ಆಧಾರವೂ ಇದೇ ಲೆಕ್ಕ. 2013ರಲ್ಲಿ ನಗರ ಆರೋಗ್ಯ ಅಭಿಯಾನ ಬಂದಾಗ ನಗರದ ಆಶಾಗೆ 200ರಿಂದ 500 ಮನೆಗಳ ಹೊಣೆ ನಿಗದಿಯಾಯಿತು. ಈಗ ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಗೋಪನಕೊಪ್ಪದಂತಹ ಬಡಾವಣೆಯಲ್ಲಿ ಒಬ್ಬಳ ಪಾಲಿಗೆ 400 ಮನೆಗಳು ಬಂದವೆಂದೂ, ಒಂದು ಮನೆಗೆ ಆಕೆ ಕೇವಲ ಐದು ನಿಮಿಷ ಕೊಡುತ್ತಾಳೆಂದೂ ಇಟ್ಟುಕೊಳ್ಳೋಣ. ಒಂದು ಸುತ್ತಿಗೆ 2,000 ನಿಮಿಷ, ಅಂದರೆ 33 ಗಂಟೆಗೂ ಹೆಚ್ಚು ಬೇಕು. ಮೂಲ ಮಾರ್ಗಸೂಚಿಯ ಪ್ರಕಾರ ಅವಳ ವಾರದ ದುಡಿಮೆ 8ರಿಂದ 12 ಗಂಟೆ. ಹಾಗಾದರೆ ಒಂದೇ ಒಂದು ಸುತ್ತು ಮುಗಿಸಲು ಮೂರರಿಂದ ನಾಲ್ಕು ವಾರ ಹಿಡಿಯುತ್ತದೆ. ಇದರಲ್ಲಿ ಹೆರಿಗೆ ನೋವು ಬಂದವಳನ್ನು ನಡುರಾತ್ರಿ ಆಸ್ಪತ್ರೆಗೆ ಕರೆದೊಯ್ಯುವ ಸಮಯವಿಲ್ಲ, ಲಸಿಕೆಯ ದಿನವಿಲ್ಲ, ಡೆಂಗೀ ಲಾರ್ವಾ ಸಮೀಕ್ಷೆಯಿಲ್ಲ, ಸಭೆಯಿಲ್ಲ, ತರಬೇತಿಯಿಲ್ಲ, ಬರೆಯಬೇಕಾದ ವಹಿಗಳಿಲ್ಲ. ಇವೆಲ್ಲವನ್ನೂ ಅವಳು ಮಾಡುತ್ತಿದ್ದಾಳೆ. ಅಂದರೆ ಸರ್ಕಾರ ಕಾಗದದ ಮೇಲೆ ಪಡೆದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಸಮಯವನ್ನು ಅವಳಿಂದ ಪಡೆಯುತ್ತಿದೆ ಎಂದಾಯಿತು.

ಗೋಪನಕೊಪ್ಪದ ನೆರೆಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. 1957ರಲ್ಲಿ ಸ್ಥಾಪನೆಯಾದ ಈ ಸಂಘದಲ್ಲಿ ಹೊಲಿದ ರಾಷ್ಟ್ರಧ್ವಜಗಳು ದೇಶದ ಮೂಲೆಮೂಲೆಗೂ ಹೋಗುತ್ತವೆ. ಖಾದಿಯ ಕೆಲಸದಲ್ಲಿ ಕೂಲಿ ನಿರ್ಧಾರವಾಗುವುದು ನೂತ ನೂಲಿನ, ನೇಯ್ದ ಬಟ್ಟೆಯ ಅಳತೆಯ ಮೇಲೆ. ಮಾಡಿದಷ್ಟಕ್ಕೆ ಹಣ ಎಂಬ ಈ ಪದ್ಧತಿಗೆ ಅದರದೇ ಆದ ನ್ಯಾಯವಿದೆ, ಏಕೆಂದರೆ ನೂಲು ಕಣ್ಣಿಗೆ ಕಾಣುತ್ತದೆ. ಆಶಾಳ ಪ್ರೋತ್ಸಾಹಧನವೂ ಇದೇ ಮಾದರಿಯದು. ಉದಾಹರಣೆಗೆ, ನವಜಾತ ಶಿಶುವಿನ ಆರೈಕೆಗೆ ಸಂಬಂಧಿಸಿದ 2011ರ ಮಾರ್ಗಸೂಚಿ, ಆಸ್ಪತ್ರೆಯಲ್ಲಿ ಹೆರಿಗೆಯಾದ ಬಳಿಕ ಮನೆಗೆ ಆರು ಭೇಟಿಗಳನ್ನು ವಿಧಿಸಿ, ಅಷ್ಟನ್ನೂ ಪೂರೈಸಿದರೆ 250 ರೂಪಾಯಿ ಎಂದಿತು. ಆದರೆ ಮನುಷ್ಯರ ಆರೈಕೆ ನೂಲಿನಂತಲ್ಲ. ಬಾಗಿಲಿಗೆ ಬೀಗ ಬಿದ್ದಿದ್ದರೆ ಹೋದ ದಾರಿಗೆ ಸುಂಕವಿಲ್ಲ. ಬಾಣಂತಿ ತವರಿಗೆ ಹೋದರೆ ಐದು ಭೇಟಿಗಳ ಶ್ರಮ ವ್ಯರ್ಥವಾದೀತು. ಲಸಿಕೆ ಬೇಡವೆನ್ನುವ ಅಜ್ಜಿಯ ಮನವೊಲಿಸಲು ಕಳೆದ ಮುಕ್ಕಾಲು ಗಂಟೆ ಯಾವ ಅಂಕಣದಲ್ಲೂ ಇಲ್ಲ. ಕಾಯುವುದು, ನಡೆಯುವುದು, ಒಪ್ಪಿಸುವುದು ಇವೇ ಆ ಕೆಲಸದ ತಿರುಳು. ಲೆಕ್ಕಕ್ಕೆ ಸಿಗದೆ ಹೋಗುವುದೂ ಇವೇ. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಅಹೋರಾತ್ರಿ ಧರಣಿ ಕುಳಿತು ತಿಂಗಳಿಗೆ ಖಚಿತ ಮೊತ್ತವೊಂದನ್ನು ಕೇಳಿದ್ದು, ಸರ್ಕಾರ ಕನಿಷ್ಠ 10,000 ರೂಪಾಯಿಯ ಭರವಸೆ ಕೊಟ್ಟದ್ದು ಓದುಗರಿಗೆ ನೆನಪಿರಬಹುದು. ಆ ಹೋರಾಟವನ್ನು ವೇತನದ ಬೇಡಿಕೆಯೆಂದು ಮಾತ್ರ ನೋಡಿದರೆ ಸಾಲದು. ಎಣಿಕೆಗೆ ಬಾರದ ಗಂಟೆಗಳನ್ನು ಎಣಿಸಿರಿ ಎಂಬ ಕೂಗೂ ಅದರಲ್ಲಿತ್ತು.

ಅಂಗನವಾಡಿಯ ಕಥೆ ಇನ್ನೂ ಹಳೆಯದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಶಿಫಾರಸು, ತಾಯಂದಿರಿಗೆ ಆರೋಗ್ಯ ಹಾಗೂ ಪೌಷ್ಟಿಕತೆಯ ತಿಳಿವಳಿಕೆ ಎಂಬ ಆರು ಸೇವೆಗಳೊಂದಿಗೆ ಹೊರಟ ಯೋಜನೆಯದು. ಅನಂತರದ ಐವತ್ತು ವರ್ಷಗಳಲ್ಲಿ ಬಂದ ಸರ್ಕಾರಗಳಿಗೆಲ್ಲ ಓಣಿಯ ಮನೆಮನೆಯನ್ನೂ ಬಲ್ಲ ಹೆಣ್ಣುಮಗಳೊಬ್ಬಳು ಸಿದ್ಧವಾಗಿ ಸಿಕ್ಕಂತಾಯಿತು. ಯಾವುದೇ ಹೊಸ ಪಟ್ಟಿ ಬೇಕಾದಾಗ ಆಕೆಯನ್ನು ಕರೆಯುವುದು ರೂಢಿಯಾಯಿತು. 2021ರಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆಪ್ ಬಂದಿತು. ಕಾಗದದ ವಹಿಗಳ ಹೊರೆ ಇಳಿಸುವುದು ಇಂತಹ ಆಪ್‌ಗಳ ಉದ್ದೇಶಗಳಲ್ಲೊಂದು. ಆದರೆ ಹೊಸದು ಬಂದ ದಿನವೇ ಹಳೆಯದನ್ನು ರದ್ದುಗೊಳಿಸುವ ಆದೇಶ ಹೊರಡದಿದ್ದರೆ ಇಬ್ಬಗೆಯ ಬರವಣಿಗೆ ತಪ್ಪದು.

ಆಕೆಯದು ಅರೆಕಾಲಿಕ, ಗೌರವ ಸೇವೆ ಎಂಬ ಮಾತನ್ನು ಆಡಳಿತ ದಶಕಗಳ ಕಾಲ ಹೇಳಿಕೊಂಡು ಬಂದಿತು. 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್, ಗುಜರಾತಿನ ಅಂಗನವಾಡಿ ಕಾರ್ಯಕರ್ತೆಯರ ಪ್ರಕರಣದಲ್ಲಿ ತೀರ್ಪು ನೀಡುತ್ತ, ಅವರಿಗೆ ವಹಿಸಿದ ಕರ್ತವ್ಯಗಳನ್ನು ನೋಡಿದರೆ ಇದನ್ನು ಅರೆಕಾಲಿಕ ಕೆಲಸವೆಂದು ಒಪ್ಪಲು ಸಾಧ್ಯವಿಲ್ಲವೆಂದು ಹೇಳಿ, 1972ರ ಉಪದಾನ ಕಾಯ್ದೆ ಅವರಿಗೂ ಅನ್ವಯಿಸುತ್ತದೆಂದು ಸಾರಿತು. ನ್ಯಾಯಾಲಯ ಅಂದು ಮಾಡಿದ ಕೆಲಸ ಹೆಚ್ಚಿನದೇನಲ್ಲ. ವಹಿಸಿದ ಕೆಲಸಗಳನ್ನು ಒಂದರ ಕೆಳಗೊಂದು ಬರೆದು ನೋಡಿತು, ಅಷ್ಟೆ. ಐವತ್ತು ವರ್ಷಗಳಲ್ಲಿ ಯಾವ ಇಲಾಖೆಯೂ ಆ ಪಟ್ಟಿಯ ಮೊತ್ತವನ್ನು ಕೂಡಿಸಿ ನೋಡುವ ಗೋಜಿಗೆ ಹೋಗಲಿಲ್ಲವೆಂಬುದೇ ವಿಷಾದದ ಸಂಗತಿ.

ಶಿಕ್ಷಕರ ಸಮಯಕ್ಕೆ ಮಾತ್ರ ಕಾನೂನಿನ ರಕ್ಷಣೆಯೊಂದಿದೆ. ಶಿಕ್ಷಣ ಹಕ್ಕು ಕಾಯ್ದೆ, 2009ರ 27ನೆಯ ಪ್ರಕರಣ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಈ ಮೂರನ್ನು ಬಿಟ್ಟು ಬೇರಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ನಿಯೋಜಿಸಬಾರದೆನ್ನುತ್ತದೆ. ಅದಕ್ಕೂ ಮುಂಚೆ, 2007ರ ಡಿಸೆಂಬರಿನಲ್ಲಿ, ಸುಪ್ರೀಂ ಕೋರ್ಟ್ ಮತದಾರರ ಪಟ್ಟಿ ಪರಿಷ್ಕರಣೆಯ ಕೆಲಸವನ್ನು ಶಿಕ್ಷಕರಿಂದ ರಜಾದಿನಗಳಲ್ಲಿ ಮತ್ತು ಬೋಧನೆಯಿಲ್ಲದ ವೇಳೆಯಲ್ಲಿ ಮಾತ್ರ ಮಾಡಿಸಬೇಕೆಂದು ಹೇಳಿತ್ತು. ಹೀಗಿದ್ದೂ 2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗ ಮನೆಮನೆಗೆ ಹೋದವರಲ್ಲಿ ಹೆಚ್ಚಿನವರು ಶಿಕ್ಷಕರೇ. ಮನೆಗಳನ್ನು ಗುರುತಿಸಿ ಚೀಟಿ ಅಂಟಿಸುವ ಕೆಲಸ ವಿದ್ಯುತ್ ಕಂಪನಿಗಳ ಮೀಟರ್ ಓದುವವರ ಪಾಲಿಗೆ ಬಂದಿತು. ದಸರಾ ರಜೆಯೊಳಗೆ, ಅಕ್ಟೋಬರ್ 7ಕ್ಕೆ ಮುಗಿಯಬೇಕೆಂದಿದ್ದ ಕೆಲಸ ಮುಗಿಯಲಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು.

ಇಲ್ಲಿ ಸಮೀಕ್ಷೆ ಬೇಕೋ ಬೇಡವೋ ಎಂಬ ಚರ್ಚೆಗೆ ಇಳಿಯುವುದು ನಮ್ಮ ಉದ್ದೇಶವಲ್ಲ. ಹಿಂದುಳಿದವರ ಸ್ಥಿತಿಗತಿ ತಿಳಿಯಲು ಅಂಕಿಅಂಶ ಬೇಕೆಂಬುದನ್ನು ಅಲ್ಲಗಳೆಯಲಾಗದು. ಪ್ರಶ್ನೆ ಇರುವುದು ಮುಂಗಾಣ್ಕೆಯ ಬಗ್ಗೆ. ಪ್ರಶ್ನಾವಳಿಯಲ್ಲಿ 60 ಪ್ರಶ್ನೆಗಳಿದ್ದವು. ಒಂದು ಮನೆಗೆ ಮುಕ್ಕಾಲು ಗಂಟೆ ಬೇಕೆಂದೂ, ಒಬ್ಬರ ಪಾಲಿಗೆ ನೂರೈವತ್ತು ಮನೆ ಬರುತ್ತವೆಂದೂ ಇಟ್ಟುಕೊಂಡರೆ 112 ಗಂಟೆಗಳಾಗುತ್ತವೆ. ದಿನಕ್ಕೆ ಎಂಟು ಗಂಟೆಯಂತೆ ಒಂದು ದಿನವೂ ಬಿಡದೆ ದುಡಿದರೂ 14 ದಿನ ಬೇಕು. ಗೊತ್ತುಪಡಿಸಿದ ಅವಧಿ 16 ದಿನ. ಅದರೊಳಗೆ ಭಾನುವಾರಗಳು, ಆಯುಧಪೂಜೆ, ವಿಜಯದಶಮಿ. ಬೀಗ ಹಾಕಿದ ಮನೆ, ಕೆಟ್ಟ ಸರ್ವರ್, ಸಿಗದ ನೆಟ್‌ವರ್ಕ್ ಇವುಗಳಿಗೆ ಉಳಿದ ಸಮಯವೆಷ್ಟು? ಐದನೆಯ ಇಯತ್ತೆಯ ಹುಡುಗನೂ ಮಾಡಬಹುದಾದ ಈ ಗುಣಾಕಾರವನ್ನು ಮೊದಲೇ ಮಾಡಿದ್ದರೆ ಶಾಲೆಯ ಬಾಗಿಲನ್ನು ಮತ್ತೆ ಹನ್ನೊಂದು ದಿನ ಮುಚ್ಚುವ ಪ್ರಮೇಯ ಒದಗುತ್ತಿರಲಿಲ್ಲವೇನೋ. ಕಳೆದ ತರಗತಿಗಳನ್ನು ಹೆಚ್ಚುವರಿ ಪಾಠದಿಂದ ತುಂಬಿಕೊಡುವುದಾಗಿ ಹೇಳಲಾಯಿತು. ಆ ಹೆಚ್ಚುವರಿ ಗಂಟೆಗಳೂ ಬರಬೇಕಾದದ್ದು ಅದೇ ಶಿಕ್ಷಕರ ದಿನದಿಂದಲೇ ಎಂಬುದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ.

ಲೆಕ್ಕ ತಪ್ಪಿದರೆ ಏನಾಗಬಹುದು ಎಂಬುದಕ್ಕೆ ಅದೇ ವರ್ಷದ ಕೊನೆಯಲ್ಲಿ ಕಠೋರ ನಿದರ್ಶನ ಸಿಕ್ಕಿತು. 2025ರ ನವೆಂಬರಿನಲ್ಲಿ ಹಲವು ರಾಜ್ಯಗಳಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ನಡೆದಾಗ, ಕೆಲಸದ ಒತ್ತಡ ತಾಳಲಾರದೆ ಮತಗಟ್ಟೆ ಅಧಿಕಾರಿಗಳು ಸಾವಿಗೀಡಾದರೆಂಬ ದೂರುಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು. ಡಿಸೆಂಬರ್ 4ರಂದು ನ್ಯಾಯಾಲಯ, ಹೆಚ್ಚುವರಿ ಸಿಬ್ಬಂದಿಯನ್ನು ಒದಗಿಸಿ ಇವರ ಕೆಲಸದ ಗಂಟೆಗಳನ್ನು ತಗ್ಗಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು ತಮ್ಮ ಮೂಲ ಕೆಲಸದ ಮೇಲೆ ಹೊತ್ತುಕೊಂಡ ಹೊರೆಯಿದು. ದೇಶದ ಅತ್ಯುನ್ನತ ನ್ಯಾಯಾಲಯ ಗಂಟೆಗಳ ಬಗ್ಗೆ ಮಾತನಾಡಬೇಕಾಗಿ ಬಂದದ್ದು, ಆ ಮಾತನ್ನು ಆಡಬೇಕಾಗಿದ್ದ ಆಡಳಿತ ಮೌನವಾಗಿದ್ದುದರಿಂದ.

ಯೋಜಿಸುವುದು ಒಂದು ಮಗ್ಗುಲಾದರೆ ವರದಿ ಮಾಡುವುದು ಇನ್ನೊಂದು. ವರದಿಗೂ ಸಮಯ ಬೇಕೆಂಬ ಸತ್ಯವನ್ನು ಹುಬ್ಬಳ್ಳಿಯಲ್ಲಿ ಹುಟ್ಟಿದ ಪ್ರಯೋಗವೊಂದು ಚೆನ್ನಾಗಿ ತೋರಿಸಿಕೊಟ್ಟಿದೆ. ಮಲಪ್ರಭೆಯನ್ನೂ ನೀರಸಾಗರವನ್ನೂ ನೆಚ್ಚಿಕೊಂಡಿದ್ದ ಈ ಅವಳಿನಗರದ ಬಹುಭಾಗಕ್ಕೆ ಹಲವು ದಿನಗಳಿಗೊಮ್ಮೆ ನೀರು ಬರುತ್ತಿದ್ದ ಕಾಲವದು. ವಿಶ್ವಬ್ಯಾಂಕಿನ ನೆರವಿನ ದಿನದ 24 ಗಂಟೆಯ ನೀರಿನ ಯೋಜನೆ 2008ರ ವೇಳೆಗೆ ಆಯ್ದ ಕೆಲವೇ ಪ್ರದೇಶಗಳನ್ನು ಮುಟ್ಟಿತ್ತು. ಉಳಿದವರ ಮನೆಯಲ್ಲಿ ಯಾರಾದರೊಬ್ಬರು, ಸಾಮಾನ್ಯವಾಗಿ ಹೆಂಗಸರು, ನಳದ ಮುಂದೆ ಕಾಯುತ್ತ ದಿನ ಕಳೆಯಬೇಕಿತ್ತು. 2011ರ ಸುಮಾರಿಗೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ತರುಣರು ಇಲ್ಲಿ ‘ನೆಕ್ಸ್ಟ್‌ಡ್ರಾಪ್’ ಎಂಬ ಸಂಸ್ಥೆ ಆರಂಭಿಸಿದರು. ಉಪಾಯ ಸರಳವಾಗಿತ್ತು. ವಾಲ್ವ್‌ಮನ್ ನೀರು ಬಿಟ್ಟಾಗ ಒಂದು ದೂರವಾಣಿ ಕರೆ ಮಾಡಬೇಕು. ಆ ಪ್ರದೇಶದ ಮನೆಗಳಿಗೆ ಮೊಬೈಲ್ ಸಂದೇಶ ಹೋಗಬೇಕು. ನಂತರ ಈ ಪ್ರಯೋಗ ಬೆಂಗಳೂರಿಗೂ ಹೋಯಿತು. ಬೆಂಗಳೂರಿನ ಅನುಭವವನ್ನು ಅದೇ ಬರ್ಕ್ಲಿಯ ಸಂಶೋಧಕರು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದ ಫಲಿತಾಂಶ ಉತ್ಸಾಹಕ್ಕೆ ತಣ್ಣೀರೆರಚುವಂತಿತ್ತು. ಜನರ ಬದುಕಿನಲ್ಲಿ ನಿರೀಕ್ಷಿಸಿದಷ್ಟು ಬದಲಾವಣೆಯಾಗಿರಲಿಲ್ಲ. ಕಾರಣಗಳಲ್ಲಿ ಮುಖ್ಯವಾದದ್ದು ವಾಲ್ವ್‌ಮನ್‌ಗಳು ನಿಯಮಿತವಾಗಿ ವರದಿ ಮಾಡದೆ ಇದ್ದದ್ದು. ಅದು ಸೋಮಾರಿತನವಾಗಿರಲಿಲ್ಲ. ಕೈಯಲ್ಲಿ ಇತರ ಕೆಲಸಗಳಿರುವಾಗ, ಮನೆಯ ಹೊಣೆಯೂ ಹಣದ ಅಡಚಣೆಯೂ ಬೆನ್ನಿಗಿರುವಾಗ, ಎರಡು ನಿಮಿಷದ ಕರೆಯೂ ಹೆಚ್ಚುವರಿ ಕೆಲಸವೇ.

ಆ ಕರೆಗೆಂದು ಅವನ ದಿನದಲ್ಲಿ ಯಾರೂ ಜಾಗ ಮಾಡಿಕೊಟ್ಟಿರಲಿಲ್ಲ. ಇಂತಹ ಪ್ರಯೋಗಗಳನ್ನು ರೂಪಿಸುವಾಗ ತಂತ್ರಜ್ಞಾನದ ವೆಚ್ಚವನ್ನು ಪೈಸೆ ಪೈಸೆಗೆ ಲೆಕ್ಕ ಹಾಕುತ್ತಾರೆ. ಮಾಹಿತಿ ಕೊಡುವವನ ನಿಮಿಷವನ್ನು ಪುಕ್ಕಟೆ ಎಂದು ಭಾವಿಸುತ್ತಾರೆ. ಪುಕ್ಕಟೆ ಎಂದುಕೊಂಡದ್ದೇ ಕೊನೆಗೆ ಯೋಜನೆಯ ದುರ್ಬಲ ಕೊಂಡಿಯಾಗುತ್ತದೆ.

ಕರ್ನಾಟಕಕ್ಕೆ ಸಮಯದ ಮಹತ್ವ ಗೊತ್ತಿಲ್ಲವೆಂದಲ್ಲ. 2011ರಲ್ಲಿ ಕಾಯ್ದೆಯಾಗಿ, 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ ನಾಗರಿಕನ ಸಮಯಕ್ಕೆ ಬೆಲೆ ಕಟ್ಟಿತು. ಗೊತ್ತಾದ ದಿನದೊಳಗೆ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕನ್ನು ಅದು ಕೊಟ್ಟಿತು. ಇದು ಹೆಮ್ಮೆಪಡಬೇಕಾದ ಕಾನೂನು. ಆದರೆ ಅದು ಎಣಿಸಿದ್ದು ಕಚೇರಿಯ ಕಿಟಕಿಯ ಹೊರಗೆ ನಿಂತವನ ದಿನಗಳನ್ನು ಮಾತ್ರ. ಒಳಗೆ ಕುಳಿತ ಒಬ್ಬನೇ ಗುಮಾಸ್ತನ ಮೇಜಿನ ಮೇಲೆ ಎಷ್ಟು ಸೇವೆಗಳ ಗಡುವುಗಳು ಒಂದೇ ದಿನ ಬಂದು ಬೀಳುತ್ತವೆ ಎಂಬ ಲೆಕ್ಕ ಅದರ ವ್ಯಾಪ್ತಿಗೆ ಬರಲಿಲ್ಲ.

ಸಮಯದ ಲೆಕ್ಕವನ್ನು ಬಲು ಕಟ್ಟುನಿಟ್ಟಾಗಿ ಇಡುವ ಒಂದು ಲೋಕವೂ ನಮ್ಮ ನಡುವೆಯೇ ಇದೆ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿದ್ದಾರೆ. ವಾರದ ಕೊನೆಯಲ್ಲಿ ಟೈಮ್‌ಶೀಟ್ ತುಂಬುವುದು ಅವರಲ್ಲಿ ಅನೇಕರಿಗೆ ಸಂಬಳದಷ್ಟೇ ಪರಿಚಿತ. ಎರಡು ಮೂರು ಪ್ರಾಜೆಕ್ಟುಗಳ ನಡುವೆ ಹಂಚಿಹೋದವರು ಯಾವುದಕ್ಕೆ ಎಷ್ಟು ಗಂಟೆ ಕೊಟ್ಟೆವೆಂದು ಬರೆಯಬೇಕು. ಅಲ್ಲಿ ಗಂಟೆಯೇ ಮಾರಾಟದ ಸರಕಾದ್ದರಿಂದ ಈ ಎಚ್ಚರ. ಹಾಗೆಂದು ಆ ಲೆಕ್ಕವೆಲ್ಲ ಸತ್ಯವೆಂದು ಭಾವಿಸಬೇಕಿಲ್ಲ. ಹನ್ನೊಂದು ಗಂಟೆ ದುಡಿದವರು ಎಂಟೆಂದು ಬರೆಯುವುದು, ಶುಕ್ರವಾರ ಸಂಜೆ ನೆನಪಿನಿಂದ ಇಡೀ ವಾರವನ್ನು ತುಂಬುವುದು, ಒಂದು ಪ್ರಾಜೆಕ್ಟಿನ ತಡವನ್ನು ಇನ್ನೊಂದರ ಖಾತೆಗೆ ಹಾಕುವುದು ಆ ವೃತ್ತಿಯಲ್ಲಿರುವವರಿಗೆ ಹೊಸ ಸಂಗತಿಗಳಲ್ಲ. ಬರೆದ ಗಂಟೆಯನ್ನೇ ನಂಬಿ ಮುಂದಿನ ಕೆಲಸಕ್ಕೆ ಅಂದಾಜು ಮಾಡುವುದರಿಂದ ಸುಳ್ಳು ಲೆಕ್ಕ ಮುಂದಿನ ತಂಡದ ಕೊರಳಿಗೆ ಉರುಳಾಗುತ್ತದೆ. 2024ರ ಜುಲೈನಲ್ಲಿ ದಿನಕ್ಕೆ 14 ಗಂಟೆಯವರೆಗೆ ದುಡಿಸಲು ಅವಕಾಶ ಮಾಡಿಕೊಡುವ ಪ್ರಸ್ತಾವ ರಾಜ್ಯದಲ್ಲಿ ಕೇಳಿಬಂದಾಗ ಈ ನೌಕರರ ಗಂಟೆಗಳ ಬಗ್ಗೆ ಪತ್ರಿಕೆಗಳಲ್ಲಿ, ಟಿ.ವಿ.ಗಳಲ್ಲಿ ಬಿಸಿಬಿಸಿ ಚರ್ಚೆ ನಡೆಯಿತು. ಆ ಚರ್ಚೆಯ ಹತ್ತನೆಯ ಒಂದು ಪಾಲೂ ಅಂಗನವಾಡಿಯ ಗಂಟೆಗಳ ಬಗ್ಗೆ ನಡೆದಂತಿಲ್ಲ.

ಹಲವು ಯೋಜನೆಗಳಿಗೆ ದುಡಿಯುವವರ ಸಮಯವನ್ನು ನ್ಯಾಯವಾಗಿ ಲೆಕ್ಕ ಹಾಕುವ ಮಾದರಿಗಳು ಜಗತ್ತಿನಲ್ಲಿ ಇಲ್ಲದಿಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಅನುದಾನ ಪಡೆಯುವ ವಿಶ್ವವಿದ್ಯಾಲಯಗಳಲ್ಲಿ ಒಂದು ನಿಯಮವಿದೆ. ಒಬ್ಬ ವ್ಯಕ್ತಿ ಎಷ್ಟು ಯೋಜನೆಗಳಲ್ಲಿದ್ದರೂ, ಅವುಗಳಿಗೆ ಹಂಚಿದ ಅವನ ಸಂಬಳದ ದುಡಿಮೆಯ ಒಟ್ಟು ಮೊತ್ತ ನೂರು ಶೇಕಡವನ್ನು ಮೀರುವಂತಿಲ್ಲ. ಐರೋಪ್ಯ ಒಕ್ಕೂಟವು 2014ರಿಂದ 2020ರವರೆಗೆ ನಡೆಸಿದ ‘ಹೊರೈಜನ್ 2020’ ಸಂಶೋಧನಾ ಕಾರ್ಯಕ್ರಮದಲ್ಲಿ ಪೂರ್ಣಾವಧಿಯ ಒಬ್ಬರ ವರ್ಷದ ಉತ್ಪಾದಕ ಗಂಟೆಗಳನ್ನು 1,720 ಎಂದು ಹಿಡಿಯುವ ಆಯ್ಕೆಯಿತ್ತು. ಒಂದೇ ಯೋಜನೆಗೆ ಮೀಸಲಾದವರು ದಿನದಿನದ ಲೆಕ್ಕ ಬರೆಯಬೇಕಿರಲಿಲ್ಲ, ಒಂದು ಘೋಷಣೆ ಸಾಕಿತ್ತು. ಹಲವು ಯೋಜನೆಗಳಿಗೆ ಹಂಚಿಹೋದವರಷ್ಟೇ ಗಂಟೆಗಳನ್ನು ದಾಖಲಿಸಬೇಕಿತ್ತು. ಆರೋಗ್ಯ ಕ್ಷೇತ್ರಕ್ಕಂತೂ ವಿಶ್ವ ಆರೋಗ್ಯ ಸಂಸ್ಥೆಯೇ 1998ರಿಂದ ಒಂದು ವಿಧಾನವನ್ನು ಪ್ರಚುರಪಡಿಸುತ್ತ ಬಂದಿದೆ. ರಜೆ, ತರಬೇತಿಗಳನ್ನು ಕಳೆದು ಒಬ್ಬ ದಾದಿಗೆ ವರ್ಷದಲ್ಲಿ ನಿಜಕ್ಕೂ ಎಷ್ಟು ಗಂಟೆ ಉಳಿಯುತ್ತದೆ, ಪ್ರತಿ ಕೆಲಸವನ್ನು ಸರಿಯಾಗಿ ಮಾಡಲು ಎಷ್ಟು ಸಮಯ ಬೇಕು ಎಂದು ಅಳೆದು, ಅದರಿಂದ ಎಷ್ಟು ದಾದಿಯರು ಬೇಕೆಂದು ನಿರ್ಧರಿಸುವುದು ಅದರ ಕ್ರಮ. ಜನಸಂಖ್ಯೆಯನ್ನು ಭಾಗಿಸಿ ಹುದ್ದೆ ನಿಗದಿ ಮಾಡುವ ನಮ್ಮ ರೂಢಿಗೂ ಇದಕ್ಕೂ ಇರುವ ಅಂತರ ದೊಡ್ಡದು.

ಇಷ್ಟು ಹೇಳಿದ ಕೂಡಲೇ ಆಕ್ಷೇಪವೊಂದು ಬರುವುದು ಸಹಜ. ಈಗಾಗಲೇ ವಹಿಗಳ ಭಾರದಿಂದ ಬಾಗಿದವರ ಕೈಗೆ ಟೈಮ್‌ಶೀಟ್ ಎಂಬ ಇನ್ನೊಂದು ವಹಿ ಕೊಡಬೇಕೇ? ಅದು ನೌಕರರ ಮೇಲೆ ಕಣ್ಣಿಡುವ ಇನ್ನೊಂದು ಸಾಧನವಾಗುವುದಿಲ್ಲವೇ? ಈ ಭಯ ನಿರಾಧಾರವಲ್ಲ. ಆದುದರಿಂದಲೇ ಲೆಕ್ಕ ಕೊಡುವ ಹೊಣೆ ದುಡಿಯುವವರ ಮೇಲೆ ಬೀಳಬಾರದು, ದುಡಿಸುವವರ ಮೇಲೆ ಬೀಳಬೇಕು. ವೆಚ್ಚ ತಗಲುವ ಮಸೂದೆಯೊಂದು ಶಾಸನಸಭೆಗೆ ಬಂದರೆ ಅದರೊಂದಿಗೆ ಆರ್ಥಿಕ ಜ್ಞಾಪನಪತ್ರ ಇರಬೇಕೆಂಬ ನಿಯಮವಿದೆ. ಅದೇ ರೀತಿ ತಳಮಟ್ಟದ ಸಿಬ್ಬಂದಿಗೆ ಹೊಸ ಕೆಲಸ ಹಚ್ಚುವ ಪ್ರತಿ ಆದೇಶದೊಂದಿಗೆ ಸಮಯದ ಜ್ಞಾಪನಪತ್ರವೂ ಇರಲಿ. ಈ ಕೆಲಸಕ್ಕೆ ಎಷ್ಟು ಗಂಟೆ ಬೇಕು, ಅವು ಯಾವ ಕೆಲಸದಿಂದ ಬಿಡುವಾಗುತ್ತವೆ, ಬಿಡುವಾಗದಿದ್ದರೆ ಯಾರನ್ನು ಹೆಚ್ಚುವರಿಯಾಗಿ ನೇಮಿಸಲಾಗುತ್ತದೆ ಎಂಬ ಮೂರು ಸಾಲುಗಳು ಸಾಕು. ಕೆಲಸ ಕೂಡಿಸುವ ಅಧಿಕಾರಿಗೆ ಕಳೆಯುವ ಹೊಣೆಯೂ ಇರಬೇಕು.

ಎರಡನೆಯದಾಗಿ, ನಗರದ ಪ್ರತಿ ವಾರ್ಡಿಗೆ, ಹಳ್ಳಿಯ ಪ್ರತಿ ಪಂಚಾಯಿತಿಗೆ ಒಂದು ಕೆಲಸದ ಪಂಚಾಂಗ ಬೇಕು. ಆರೋಗ್ಯ, ಶಿಕ್ಷಣ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಚುನಾವಣೆ ಹೀಗೆ ಎಲ್ಲ ಇಲಾಖೆಗಳೂ ತಮ್ಮ ಗಡುವುಗಳನ್ನು ಅದೇ ಒಂದು ಹಾಳೆಯಲ್ಲಿ ಬರೆಯಲಿ. ಜಿಲ್ಲಾಧಿಕಾರಿಯ ಮಟ್ಟದಲ್ಲಿ ಒಬ್ಬರು ಆ ಹಾಳೆಯನ್ನು ನೋಡಿ, ಒಂದೇ ವಾರದಲ್ಲಿ ಲಸಿಕಾ ಅಭಿಯಾನವೂ ಮನೆ ಸಮೀಕ್ಷೆಯೂ ಒಬ್ಬಳ ತಲೆಯ ಮೇಲೆಯೇ ಬೀಳುತ್ತಿದ್ದರೆ ಒಂದನ್ನು ಮುಂದೂಡುವ ಅಧಿಕಾರ ಹೊಂದಿರಲಿ. 2027ರ ಮಾರ್ಚ್ 1ನ್ನು ಉಲ್ಲೇಖ ದಿನವಾಗಿಟ್ಟುಕೊಂಡ ಜನಗಣತಿಗೆ ಕೇಂದ್ರ ಸರ್ಕಾರ 2025ರ ಜೂನ್ 16ರಂದೇ ಅಧಿಸೂಚನೆ ಹೊರಡಿಸಿತು. ಇಷ್ಟು ಮುಂಚಿತವಾಗಿ ದಿನಾಂಕ ಗೊತ್ತಾಗುವ ಕೆಲಸಗಳಿಗೂ ಕೊನೆಯ ಗಳಿಗೆಯಲ್ಲಿ ಶಿಕ್ಷಕರನ್ನು ತರಗತಿಯಿಂದ ಎಬ್ಬಿಸುವಂತಾದರೆ ಅದಕ್ಕೆ ಆಡಳಿತದ ಅಶಿಸ್ತೆಂದೇ ಹೆಸರು.

ಮೂರನೆಯದಾಗಿ, ಸಮಯದ ಅಳತೆ ಬೇಕಾದಾಗ ಎಲ್ಲರಿಂದ ಎಲ್ಲ ದಿನವೂ ಬರೆಸುವ ಅಗತ್ಯವಿಲ್ಲ. ವರ್ಷದಲ್ಲಿ ಕೆಲವು ದಿನಗಳನ್ನು ಆಯ್ದು, ಕೆಲವು ಕಾರ್ಯಕರ್ತೆಯರೊಂದಿಗೆ ತರಬೇತಿ ಪಡೆದ ಒಬ್ಬರು ಬೆಳಗಿನಿಂದ ಸಂಜೆಯವರೆಗೆ ನಡೆದಾಡಿ ಬರೆದುಕೊಂಡರೆ ಸಾಕು. ನಡಿಗೆ, ಕಾಯುವಿಕೆ, ಬರವಣಿಗೆ ಎಲ್ಲವೂ ಅದರಲ್ಲಿ ಬರಲಿ. ಧಾರವಾಡದಲ್ಲಿ ವಿಶ್ವವಿದ್ಯಾಲಯಗಳೂ ಸಮಾಜವಿಜ್ಞಾನದ ಸಂಶೋಧನಾ ಸಂಸ್ಥೆಗಳೂ ಇವೆ. ವಿದ್ಯಾರ್ಥಿಗಳ ಕ್ಷೇತ್ರಕಾರ್ಯಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಬೇರೆ ಬೇಕಿಲ್ಲ. ಹಾಗೆ ಸಿಕ್ಕ ಸಂಖ್ಯೆಯನ್ನು ಯಾರನ್ನೂ ಶಿಕ್ಷಿಸಲು ಬಳಸುವುದಿಲ್ಲವೆಂಬ ಭರವಸೆಯಿದ್ದರೆ ಮಾತ್ರ ಅದು ಸತ್ಯವನ್ನು ಹೇಳೀತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಹಣದ ವಿಷಯದಲ್ಲಿ. ಸಮಯದ ಹಾಸಿಗೆ ಹಣದ್ದಕ್ಕಿಂತ ಕಟ್ಟುನಿಟ್ಟಾದುದು. ಹಣ ಸಾಲದಿದ್ದರೆ ಸರ್ಕಾರ ಸಾಲ ತರಬಹುದು, ಪೂರಕ ಅಂದಾಜು ಮಂಡಿಸಬಹುದು. ದಿನಕ್ಕೆ ಇಪ್ಪತ್ತೈದನೆಯ ಗಂಟೆಯನ್ನು ಯಾವ ಸದನವೂ ಮಂಜೂರು ಮಾಡಲಾರದು. ಕೊರತೆ ಬಿದ್ದ ಗಂಟೆ ಎಲ್ಲಿಂದಲೋ ಬರಲೇಬೇಕು. ಅದು ಕಾರ್ಯಕರ್ತೆಯ ಮನೆಯ ಅಡುಗೆಯ ವೇಳೆಯಿಂದ, ಅವಳ ಸ್ವಂತ ಮಗುವಿನ ಓದಿನ ವೇಳೆಯಿಂದ, ಅವಳ ನಿದ್ದೆಯಿಂದ ಬರುತ್ತದೆ. ಅಲ್ಲಿಯೂ ಸಿಗದಿದ್ದರೆ ತೂಕ ನೋಡದೆಯೇ ತುಂಬಿದ ಅಂಕಣದಿಂದ ಬರುತ್ತದೆ. ಸುಳ್ಳು ಅಂಕಿ ಬರೆಯುವವರನ್ನು ದೂರುವ ಮೊದಲು, ಸತ್ಯ ಬರೆಯಲು ಬೇಕಾದ ಸಮಯವನ್ನು ನಾವು ಕೊಟ್ಟಿದ್ದೆವೆಯೇ ಎಂದು ಕೇಳಿಕೊಳ್ಳುವುದು ಧರ್ಮ.

ಗೋಪನಕೊಪ್ಪದ ಓಣಿಯಲ್ಲಿ ನಾಳೆಯೂ ಯಾರೋ ಒಬ್ಬಳು ಕಾರ್ಯಕರ್ತೆ ಬಾಗಿಲು ತಟ್ಟುತ್ತಾಳೆ. ಒಳಗಿನ ಮಗು ವಯಸ್ಸಿಗೆ ತಕ್ಕ ತೂಕವಿಲ್ಲದೆ ಸೊರಗಿರಬಹುದು. ಅದನ್ನು ತಕ್ಕಡಿಯ ಮೇಲೆ ಕೂರಿಸಿ, ತಾಯಿಯೊಂದಿಗೆ ಹತ್ತು ನಿಮಿಷ ಮಾತನಾಡಲು ಅವಳಿಗೆ ಪುರುಸೊತ್ತು ಇರಬೇಕು. ಆ ಹತ್ತು ನಿಮಿಷಕ್ಕೆ ಅವಳ ದಿನದಲ್ಲಿ ಜಾಗ ಕಾದಿಡುವ ಆದೇಶವೊಂದು ಹೊರಬಿದ್ದರೆ ಸರ್ಕಾರಕ್ಕೆ ಅದರಿಂದ ತಗಲುವ ವೆಚ್ಚ ಒಂದು ಹಾಳೆ ಕಾಗದ, ಒಂದಿಷ್ಟು ಗುಣಾಕಾರ. ಅದನ್ನಾದರೂ ಮಾಡಬಾರದೇ?